ಭಿನ್ನವಾಗಿ ಬೆಳೆಯುವ ಮಗು ಮತ್ತು ತಂದೆತಾಯಿಗಳು

(ಬೂಕನಕೆರೆಯಲ್ಲಿ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆ ಎಂದೊಡನೆ ಮಕ್ಕಳ ನಡುವಿನ ಅಂತರ, ಲಸಿಕೆ, ಗರ್ಭಿಣಿಯ ಆಹಾರ, ಶಸ್ತ್ರಚಿಕಿತ್ಸೆ ಇವಿಷ್ಟೇ ವಿಷಯಗಳೆಂದು ನೀವು ಭಾವಿಸಿ ಬಂದಿರಬಹುದು. ಅವುಗಳನ್ನು ನಮ್ಮ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೂ ಬಂದು ತಿಳಿಸುತ್ತಲೇ ಇದ್ದಾರೆ. ನಾನು ಇಂದು ಹೇಳಬೇಕೆಂದಿರುವುದು ಬೇರೊಂದು ಬಗೆಯ ಮಗುವಿನ ವಿಚಾರ. ಈ ಮಗು ತಿಂಗಳು ತುಂಬಿಯೇ ಹುಟ್ಟಿರುತ್ತದೆ. ತೂಕ ಸರಿಯಾಗಿರುತ್ತದೆ. ಕಾಲಕ್ಕೆ ಸರಿಯಾಗಿ ಕುಳಿತು, ನಿಂತು, ನಡೆದಿರುತ್ತದೆ. ನೋಡಲು ಲಕ್ಷಣವಾಗಿಯೂ ಇರುತ್ತದೆ. ಆದರೆ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಬೇಕಾದ ವಸ್ತುವನ್ನು ಬೆರಳಿನಿಂದ ತೋರಿಸದೆ, ತಾಯಿಯ ಕೈಯನ್ನೇ ಹಿಡಿದೆಳೆದು ಅದರ ಮೇಲೆ ಇಡುತ್ತದೆ. ಓರಗೆಯ ಮಕ್ಕಳು ಬೀದಿಯಲ್ಲಿ ಕೂಡಿ ಆಡುತ್ತಿದ್ದರೆ, ಇದು ಮಗುಚಿ ಹಾಕಿದ ಸೈಕಲ್ಲಿನ ಚಕ್ರವನ್ನು ಗಂಟೆಗಟ್ಟಲೆ ತಿರುಗಿಸುತ್ತಾ ಕುಳಿತಿರುತ್ತದೆ. ಊರಹಬ್ಬದ ತಮಟೆಯ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುತ್ತದೆ.

ಇಂತಹ ಮಗುವಿಗೆ ನಮ್ಮ ಹಳ್ಳಿಗಳಲ್ಲಿ ಮೂಗ, ಪೆದ್ದ, ಹಟಮಾರಿ ಎಂಬ ಹೆಸರುಗಳಿವೆ. ಇದರ ನಿಜವಾದ ಹೆಸರು ಆಟಿಸಂ; ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಅಮೆರಿಕದ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಅವರು 1943ರಲ್ಲಿ ಇಂತಹ ಹನ್ನೊಂದು ಮಕ್ಕಳ ವಿವರಗಳನ್ನು ಬರೆದು ಪ್ರಕಟಿಸಿದರು. ಮಕ್ಕಳು ಅದಕ್ಕೆ ಮೊದಲೂ ಇದ್ದರು, ಹೆಸರು ಮಾತ್ರ ಇರಲಿಲ್ಲ.

ಮಿದುಳಿನ ಬೆಳವಣಿಗೆಯ ರೀತಿಯೇ ಬೇರೆಯಾಗಿರುವ ಮಕ್ಕಳಲ್ಲಿ ಇನ್ನೂ ಕೆಲವು ಬಗೆಗಳುಂಟು. ಒಂದೆಡೆ ಕ್ಷಣಕಾಲ ಕೂರಲಾರದ, ಹೇಳಿದ ಕೆಲಸವನ್ನು ಅರ್ಧಕ್ಕೇ ಮರೆಯುವ, ಸರದಿ ಬರುವವರೆಗೆ ಕಾಯಲಾರದ ಮಕ್ಕಳಿರುತ್ತಾರೆ. ವೈದ್ಯರು ಇದನ್ನು ಎ.ಡಿ.ಎಚ್.ಡಿ. ಎನ್ನುತ್ತಾರೆ, ಅತಿ ಚಂಚಲತೆ ಎಂದು ತಿಳಿಯಬಹುದು. ಬುದ್ಧಿ ಚುರುಕಾಗಿದ್ದೂ ಓದು, ಬರಹ ಅಥವಾ ಲೆಕ್ಕ ಮಾತ್ರ ಹತ್ತದಿರುವುದು ಕಲಿಕಾ ನ್ಯೂನತೆ. ಎಲ್ಲ ವಿಷಯದಲ್ಲೂ ಕಲಿಕೆ ನಿಧಾನವಾಗಿರುವುದು ಬೌದ್ಧಿಕ ನ್ಯೂನತೆ. ಒಂದೇ ಮಗುವಿನಲ್ಲಿ ಇವು ಎರಡು ಮೂರು ಕೂಡಿರುವುದೂ ಉಂಟು. ಹುಚ್ಚಿಗೂ ಇವುಗಳಿಗೂ ಸಂಬಂಧವಿಲ್ಲ.

ಈಗ ಬಹು ಮುಖ್ಯವಾದ ಮಾತಿಗೆ ಬರುತ್ತೇನೆ. ಇಂತಹ ಮಗು ಮನೆಯಲ್ಲಿ ಕಾಣಿಸಿಕೊಂಡೊಡನೆ ಮೊದಲು ನಡೆಯುವುದು ತಪ್ಪು ಯಾರದೆಂಬ ವಿಚಾರಣೆ. ಆ ವಿಚಾರಣೆಯಲ್ಲಿ ಅಪರಾಧಿಯ ಸ್ಥಾನದಲ್ಲಿ ನಿಲ್ಲುವವಳು ಯಾವಾಗಲೂ ತಾಯಿ. ಗ್ರಹಣದಲ್ಲಿ ಹೊರಗೆ ಬಂದಳು, ಹರಕೆ ಮರೆತಳು, ಬಸುರಿಯಲ್ಲಿ ಚಿಂತೆ ಮಾಡಿದಳು, ಅವಳ ತವರಿನ ಕಡೆಯೇ ಹಾಗೆ ಎಂದು ಹತ್ತು ಬಾಯಿಗಳು ಹತ್ತು ಕಾರಣ ಹೇಳುತ್ತವೆ. ಹಳ್ಳಿಯವರ ಅಜ್ಞಾನವೆಂದು ಇದನ್ನು ತಳ್ಳಿಹಾಕುವಂತಿಲ್ಲ. ತಾಯಿಗೆ ಮಗುವಿನ ಮೇಲೆ ಮಮತೆ ಸಾಲದ ಕಾರಣ ಆಟಿಸಂ ಬರುತ್ತದೆಂದು ಅಮೆರಿಕದಲ್ಲಿ ಓದಿದವರೇ ಹಲವು ವರ್ಷಗಳ ಕಾಲ ಹೇಳಿ ಸಾವಿರಾರು ತಾಯಂದಿರನ್ನು ನೋಯಿಸಿದರು. ಆ ಮಾತು ಸುಳ್ಳೆಂದು ಸಿದ್ಧವಾಗಿದೆ. ಆಟಿಸಂ ಬಹುಮಟ್ಟಿಗೆ ವಂಶವಾಹಿಗಳಿಂದ, ಮಗು ಗರ್ಭದಲ್ಲಿರುವಾಗಲೇ ಮಿದುಳು ರೂಪುಗೊಳ್ಳುವ ಬಗೆಯಿಂದ ಉಂಟಾಗುತ್ತದೆ. ತಂದೆಯ ವಂಶವಾಹಿಯೂ ಅದರಲ್ಲಿ ಅರ್ಧ ಪಾಲು ಎಂಬುದನ್ನು ಇಲ್ಲಿ ಕುಳಿತಿರುವ ಗಂಡಸರು ಗಮನಿಸಬೇಕು.

ಲಸಿಕೆಯಿಂದ ಹೀಗಾಯಿತೆಂಬ ಮಾತೂ ಮೊಬೈಲಿನಲ್ಲಿ ಹರಿದಾಡುತ್ತದೆ. 1998ರಲ್ಲಿ ಇಂಗ್ಲೆಂಡಿನ ವೈದ್ಯನೊಬ್ಬ ದಡಾರದ ಲಸಿಕೆಗೂ ಆಟಿಸಂಗೂ ನಂಟಿದೆಯೆಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದನು. ತನಿಖೆಯ ನಂತರ 2010ರಲ್ಲಿ ಆ ಪತ್ರಿಕೆಯೇ ಲೇಖನವನ್ನು ಹಿಂತೆಗೆದುಕೊಂಡಿತು. ಆತನ ವೈದ್ಯ ನೋಂದಣಿಯೂ ರದ್ದಾಯಿತು. ದಡಾರ-ರುಬೆಲ್ಲಾ ಲಸಿಕೆಯ ಎರಡನೆಯ ಡೋಸನ್ನು ನಾವು ಹಾಕುವುದು 16ರಿಂದ 24 ತಿಂಗಳೊಳಗೆ. ಮಾತು ಬರಬೇಕಾದ, ಬಾರದಿರುವುದು ಕಣ್ಣಿಗೆ ಬೀಳುವ ವಯಸ್ಸೂ ಅದೇ. ಎರಡೂ ಒಂದೇ ಕಾಲಕ್ಕೆ ಬರುವುದರಿಂದ ಒಂದಕ್ಕೆ ಇನ್ನೊಂದು ಕಾರಣವೆಂದು ತೋರುತ್ತದೆ, ಅಷ್ಟೆ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಪದ್ಧತಿ ನಮ್ಮ ಸೀಮೆಯಲ್ಲಿ ಇನ್ನೂ ಇದೆ. ರಕ್ತಸಂಬಂಧದ ಮದುವೆಯಿಂದ ಕೆಲವು ಬಗೆಯ ಬೌದ್ಧಿಕ ನ್ಯೂನತೆ ಹಾಗೂ ಹುಟ್ಟು ಕಿವುಡುತನ ಬರುವ ಸಂಭವ ಹೆಚ್ಚು ಎಂಬುದು ನಿಜ. ಮುಂದೆ ಮದುವೆ ಗೊತ್ತುಮಾಡುವವರು ಇದನ್ನು ಯೋಚಿಸಬೇಕು. ಆದರೆ ಆಗಿಹೋದ ಮದುವೆಯನ್ನು ಹಿಡಿದು ಹೆಂಡತಿಯನ್ನು ದೂಷಿಸುವುದರಿಂದ ಯಾವ ಮಗುವಿಗೂ ಮಾತು ಬಂದಿಲ್ಲ. ಗೋಗಾಲಮ್ಮನಿಗೆ ಹರಕೆ ಹೊರುವುದನ್ನು ನಾನು ಬೇಡವೆನ್ನುವುದಿಲ್ಲ. ದೇವಸ್ಥಾನಕ್ಕೂ ಹೋಗಿ, ಆಸ್ಪತ್ರೆಗೂ ಬನ್ನಿ. ಆಸ್ಪತ್ರೆಗೆ ಬರುವುದನ್ನು ಹರಕೆ ತೀರುವವರೆಗೆ ಮುಂದೂಡಬೇಡಿ ಎಂಬುದಷ್ಟೇ ನನ್ನ ವಿನಂತಿ.

ಯಾವಾಗ ಬರಬೇಕು? ಎರಡು ತಿಂಗಳ ಹೊತ್ತಿಗೆ ಮಗು ಮುಖ ನೋಡಿ ನಗಬೇಕು. ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗಬೇಕು. ಒಂದೂವರೆ ವರ್ಷಕ್ಕೆ ಬೆರಳು ಮಾಡಿ ತೋರಿಸಬೇಕು, ಕೆಲವು ಒಂಟಿ ಪದಗಳನ್ನಾದರೂ ಆಡಬೇಕು. ಎರಡು ವರ್ಷಕ್ಕೆ "ಅಮ್ಮ ಬಾ", "ಹಾಲು ಬೇಕು" ಎಂದು ಎರಡು ಪದ ಕೂಡಿಸಬೇಕು. ಬಂದ ಮಾತು ಯಾವ ವಯಸ್ಸಿನಲ್ಲೇ ಆಗಲಿ ಹಿಂದೆ ಸರಿದರೆ ಅದೊಂದೇ ಕಾರಣ ಸಾಕು, ಮರುದಿನವೇ ಬನ್ನಿ. ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿ ಲಸಿಕೆಯ ಪುಟದ ಜೊತೆಗೆ ಬೆಳವಣಿಗೆಯ ಮೈಲಿಗಲ್ಲುಗಳ ಚಿತ್ರಗಳೂ ಇವೆ. ಆ ಪುಟವನ್ನು ಯಾರೂ ತೆರೆದು ನೋಡುವುದಿಲ್ಲ ಎಂಬುದು ನನ್ನ ಅನುಭವ.

"ಗಂಡುಹುಡುಗರಿಗೆ ಮಾತು ತಡ, ಅವರಪ್ಪನಿಗೂ ನಾಲ್ಕು ವರ್ಷಕ್ಕೆ ಬಂತು" ಎಂದು ಮನೆಯ ಅಜ್ಜಿ ಹೇಳುತ್ತಾರೆ. ಹಿರಿಯರ ಮಾತು ಕೆಲವೊಮ್ಮೆ ನಿಜವೂ ಆಗುತ್ತದೆ. ಆದರೆ ತೋರಿಸಿಕೊಂಡು ಏನೂ ಇಲ್ಲವೆಂದಾದರೆ ನಷ್ಟ ಒಂದು ದಿನದ ಕೂಲಿ. ತೋರಿಸದೆ ಕಾದು, ಇದೆಯೆಂದಾದರೆ ನಷ್ಟ ಎರಡು ಮೂರು ವರ್ಷ. ಮಿದುಳು ಅತಿ ವೇಗವಾಗಿ ಕಲಿಯುವುದು ಐದು ವರ್ಷದೊಳಗೆ. ಆ ವರ್ಷಗಳು ಮರಳಿ ಬರುವುದಿಲ್ಲ.

ಎಲ್ಲಿಗೆ ಹೋಗಬೇಕೆಂಬುದನ್ನೂ ಹೇಳುತ್ತೇನೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಆ ದಿನ "ನಮ್ಮ ಹುಡುಗ ಯಾರ ಮುಂದೆಯೂ ನಿಲ್ಲುವುದಿಲ್ಲ" ಎಂದು ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳುವವರುಂಟು. ಯಾರಿಗಾಗಿ ಆ ತಂಡ ಬರುತ್ತದೆಯೋ ಅದೇ ಮಗು ತಪ್ಪಿಹೋಗುತ್ತದೆ. ಸಂಶಯವಿರುವ ಮಗುವನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸುತ್ತಾರೆ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮಕ್ಕಳ ತಜ್ಞರೂ ಮನೋವೈದ್ಯರೂ ಇದ್ದಾರೆ.

ಮಾತು ಬಾರದ ಪ್ರತಿಯೊಂದು ಮಗುವಿಗೂ ಮೊದಲು ಆಗಬೇಕಾದದ್ದು ಶ್ರವಣ ಪರೀಕ್ಷೆ. ಕಿವಿ ಕೇಳದ ಮಗುವನ್ನು ಆಟಿಸಂ ಎಂದುಕೊಂಡು, ಆಟಿಸಂ ಇರುವ ಮಗುವನ್ನು ಕಿವುಡೆಂದುಕೊಂಡು ವರ್ಷಗಳನ್ನು ಕಳೆಯುವುದುಂಟು. ಈ ವಿಷಯದಲ್ಲಿ ನಮ್ಮ ಜಿಲ್ಲೆಯವರು ಅದೃಷ್ಟವಂತರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಬೇರೆ ಬೇರೆ ರಾಜ್ಯಗಳಿಂದ ರೈಲು ಹತ್ತಿ ಅಲ್ಲಿಗೆ ಜನ ಬರುತ್ತಾರೆ. ನಾವಾದರೋ ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದು. ಮಲಗಿ ನಿದ್ರಿಸುತ್ತಿರುವ ಹಸುಗೂಸಿನ ಕಿವಿಯನ್ನೂ ಅಲ್ಲಿ ಯಂತ್ರದ ಸಹಾಯದಿಂದ ಪರೀಕ್ಷಿಸುತ್ತಾರೆ. ಮಗುವಿಗೆ ಮನೆಯಲ್ಲಿ ಹೇಗೆ ಮಾತು ಕಲಿಸಬೇಕೆಂದು ತಾಯಿತಂದೆಯರಿಗೂ ಹೇಳಿಕೊಡುತ್ತಾರೆ. ಸಮಸ್ಯೆ ಜಟಿಲವಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಥೈರಾಯ್ಡ್ ಗ್ರಂಥಿಯ ಕೊರತೆಯಿಂದಲೂ ಬೆಳವಣಿಗೆ ಕುಂಠಿತವಾಗುವುದರಿಂದ ವೈದ್ಯರು ರಕ್ತಪರೀಕ್ಷೆ ಬರೆದುಕೊಟ್ಟರೆ ತಪ್ಪದೆ ಮಾಡಿಸಿ. ಬೇಗ ತಿಳಿದರೆ ಅದಕ್ಕೆ ಮಾತ್ರೆಯಿದೆ.

ಆಟಿಸಂ ಅನ್ನು ಹೋಗಲಾಡಿಸುವ ಮಾತ್ರೆಯಾಗಲಿ ಸೂಜಿಮದ್ದಾಗಲಿ ಇಲ್ಲ. ಹೀಗೆ ನೇರವಾಗಿ ಹೇಳುವುದು ಕಟುವಾಗಿ ಕೇಳಿಸಬಹುದು. ಆದರೆ ಹೇಳದಿದ್ದರೆ ನೀವು ಹೊಲ ಅಡವಿಟ್ಟು ಯಾರಾರ ಬಳಿಗೋ ಹೋಗುತ್ತೀರಿ. ಆಕರಕೋಶ, ಅಂದರೆ ಸ್ಟೆಮ್ ಸೆಲ್ ಚಿಕಿತ್ಸೆಯೆಂದು ಲಕ್ಷಾಂತರ ರೂಪಾಯಿ ಪಡೆಯುವವರಿದ್ದಾರೆ. ಆಟಿಸಂಗೆ ಅದನ್ನು ಚಿಕಿತ್ಸೆಯೆಂದು ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲಿಯೇ ಹೇಳಿದೆ. ಅತಿ ಚಂಚಲತೆಗೆ, ಫಿಟ್ಸ್‌ಗೆ, ನಿದ್ರೆ ಬಾರದಿರುವುದಕ್ಕೆ ಔಷಧಗಳುಂಟು. ಅವನ್ನು ತಜ್ಞರು ಬರೆದುಕೊಟ್ಟಂತೆ ಮಾತ್ರ ಕೊಡಬೇಕು. ಉಳಿದದ್ದೆಲ್ಲ ಕಲಿಸುವ ಕೆಲಸ. ಅದರ ಬಹುಪಾಲು ನಡೆಯಬೇಕಾದದ್ದು ನಿಮ್ಮ ಮನೆಯ ಪಡಸಾಲೆಯಲ್ಲಿ.

ಆ ಕೆಲಸ ಹೇಗೆ? ಮಗುವಿನ ಜೊತೆ ಮಾತನಾಡುವಾಗ ನಿಂತುಕೊಂಡು ಮೇಲಿನಿಂದ ಕೂಗಬೇಡಿ. ಅದರ ಎದುರು ಕುಳಿತು, ಮುಖಕ್ಕೆ ಮುಖ ಕೊಟ್ಟು, ಚಿಕ್ಕ ಮಾತು ಆಡಿ. "ಬೇಗ ಬಂದು ಕೈತೊಳೆದು ಊಟಕ್ಕೆ ಕೂತ್ಕೋ" ಎಂಬುದು ಅದಕ್ಕೆ ಮೂರು ಗಂಟುಗಳ ಮೂಟೆ. "ಕೈ ತೊಳಿ" ಎನ್ನಿ. ನಂತರ ಕಾಯಿರಿ. ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಕಾಯಿರಿ. ನಾವು ಕಾಯುವುದಿಲ್ಲ, ಉತ್ತರ ಬರುವ ಮೊದಲೇ ನಾವೇ ಮಾಡಿಮುಗಿಸುತ್ತೇವೆ. ಮಗು ಲೋಟವನ್ನು ನೋಡಿದೊಡನೆ ನೀರು ಕೊಟ್ಟುಬಿಟ್ಟರೆ ಅದು ಕೇಳುವುದನ್ನು ಏಕೆ ಕಲಿಯಬೇಕು? ಲೋಟವನ್ನು ಕೈಯಲ್ಲಿ ಹಿಡಿದು "ನೀರು" ಎಂದು ಹೇಳಿ. ಅದು "ನೀ" ಎಂದರೂ, ಲೋಟದತ್ತ ಬೆರಳು ಚಾಚಿದರೂ ಸಾಕು, ತಕ್ಷಣ ಕೊಡಿ. ಮಾತು ಬರದ ಮಗುವಿಗೆ ಸನ್ನೆಯೂ ಚಿತ್ರವೂ ಮಾತೇ. ಸನ್ನೆ ಕಲಿಸಿದರೆ ಮಾತು ನಿಂತುಹೋಗುತ್ತದೆ ಎಂಬ ಭಯ ಬೇಡ.

ಅಂಗಿ ತೊಡುವಂತಹ ಕೆಲಸವನ್ನು ತುಂಡುಮಾಡಿ ಕಲಿಸಬೇಕು. ಕೊನೆಯ ತುಂಡಿನಿಂದ ಆರಂಭಿಸುವುದು ಒಳ್ಳೆಯ ಉಪಾಯ. ಮೊದಲ ವಾರ ಎಲ್ಲವನ್ನೂ ನೀವೇ ತೊಡಿಸಿ, ಅಂಗಿಯ ಅಂಚನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುವುದನ್ನು ಮಾತ್ರ ಮಗುವಿಗೆ ಬಿಡಿ. ಅದು ಬಂದ ಮೇಲೆ ಎರಡನೆಯ ತೋಳು, ಆಮೇಲೆ ಮೊದಲನೆಯ ತೋಳು. ಹೀಗೆ ಮಾಡಿದರೆ ಕೆಲಸ ಮುಗಿಸಿದ ಸಂತೋಷ ದಿನವೂ ಮಗುವಿನ ಪಾಲಿಗೇ ಬರುತ್ತದೆ. ನಾಟಿಯ ದಿನಗಳಲ್ಲಿ, ಕಬ್ಬು ಕಡಿಯುವ ಕಾಲದಲ್ಲಿ ಇಷ್ಟು ಪುರುಸೊತ್ತು ಎಲ್ಲಿದೆ ಎಂದು ನೀವು ಕೇಳುವುದು ನ್ಯಾಯವೇ. ಅದಕ್ಕಾಗಿ ಬೇರೆ ಹೊತ್ತು ಬೇಡ. ಮುಖ ತೊಳೆಸುವಾಗ, ಮುದ್ದೆ ಮುರಿದು ಕೊಡುವಾಗ, ಹಸುವಿಗೆ ಹುಲ್ಲು ಹಾಕಲು ಜೊತೆಗೆ ಕರೆದೊಯ್ಯುವಾಗ, ಹೇಗೂ ಮಾಡುವ ಕೆಲಸದಲ್ಲೇ ಇದನ್ನು ಸೇರಿಸಬೇಕು. ಆ ಹೊತ್ತಿನಲ್ಲಿ ಮಗುವಿನ ಕೈಗೆ ಮೊಬೈಲ್ ಕೊಟ್ಟು ಕೂರಿಸಿದರೆ ಮನೆ ಸದ್ದಿಲ್ಲದಿರುತ್ತದೆ ನಿಜ. ಮೊಬೈಲ್‌ನಿಂದ ಆಟಿಸಂ ಬರುವುದೂ ಇಲ್ಲ. ಆದರೆ ಮಗು ಮನುಷ್ಯರೊಡನೆ ಕಲಿಯಬೇಕಾದ ಗಂಟೆಗಳನ್ನು ಅದು ತಿಂದುಹಾಕುತ್ತದೆ.

ಈ ಮಕ್ಕಳಿಗೆ ದಿನದ ಕ್ರಮ ಬದಲಾದರೆ ಬಹಳ ಗಾಬರಿ. ನಾಳೆ ಸಂತೆಗೆ ಹೋಗಬೇಕಾದರೆ ಇಂದೇ ಹೇಳಿ. ಚೀಲ ತೋರಿಸಿ ಹೇಳಿ. ಜಾತ್ರೆಯ ಗದ್ದಲ, ಮದುವೆಮನೆಯ ಧ್ವನಿವರ್ಧಕ, ಆಲೆಮನೆಯ ಯಂತ್ರದ ಸದ್ದು ನಮಗೆ ಸದ್ದಷ್ಟೇ. ಕೆಲವು ಮಕ್ಕಳಿಗೆ ಅದು ನೋವು. ಆಗ ಮಗು ನೆಲಕ್ಕೆ ಬಿದ್ದು ಹೊರಳಾಡಿದರೆ ನೋಡುವವರು "ನಾಲ್ಕು ಬಿಗಿದರೆ ಸರಿಹೋಗುತ್ತದೆ" ಎನ್ನುತ್ತಾರೆ. ಹಟ ಮಾಡುವ ಮಗು ನಿಮ್ಮನ್ನು ನೋಡುತ್ತಾ ಅಳುತ್ತದೆ, ಕೇಳಿದ್ದು ಕೊಟ್ಟರೆ ನಿಲ್ಲಿಸುತ್ತದೆ. ಈ ಮಗು ಹಾಗಲ್ಲ. ಅದಕ್ಕೆ ತನ್ನ ಮೈಯೇ ತನ್ನ ಹಿಡಿತದಲ್ಲಿರುವುದಿಲ್ಲ. ಸದ್ದಿಲ್ಲದ ಕಡೆಗೆ ಎತ್ತಿಕೊಂಡು ಹೋಗಿ, ಮಾತು ಕಡಿಮೆ ಮಾಡಿ, ಪಕ್ಕದಲ್ಲಿ ಕುಳಿತಿರಿ. ಹೊಡೆತದಿಂದ ಅದು ಕಲಿಯುವುದು ಹೊಡೆಯುವುದನ್ನು ಮಾತ್ರ.

ನೀರಿನ ವಿಚಾರವಾಗಿ ವಿಶೇಷವಾಗಿ ಎಚ್ಚರಿಸಬೇಕು. ಆಟಿಸಂ ಇರುವ ಅನೇಕ ಮಕ್ಕಳಿಗೆ ನೀರೆಂದರೆ ಎಳೆತ. ಹೇಳದೆ ಕೇಳದೆ ಮನೆಯಿಂದ ಹೊರಟುಬಿಡುವ ಸ್ವಭಾವವೂ ಉಂಟು. ನಮ್ಮದಾದರೋ ಕೆರೆ, ನಾಲೆ, ಕೃಷಿಹೊಂಡ, ಕೃಷ್ಣರಾಜಸಾಗರದ ಹಿನ್ನೀರುಗಳ ಸೀಮೆ. ಬಾಗಿಲಿಗೆ ಎತ್ತರದಲ್ಲಿ ಚಿಲಕ ಹಾಕಿಸಿ. ಅಂಗಿಯ ಒಳಗೆ ತಂದೆಯ ಹೆಸರು, ಊರು, ಫೋನ್ ನಂಬರ್ ಬರೆದ ಬಟ್ಟೆಯ ಚೀಟಿ ಹೊಲಿಯಿರಿ. ನೆರೆಹೊರೆಯವರಿಗೂ ಅಂಗಡಿಯವರಿಗೂ ಮಗುವಿನ ವಿಷಯ ಮುಚ್ಚಿಡದೆ ತಿಳಿಸಿಡಿ. ಕಾಣೆಯಾದರೆ ಮೊದಲು ಹುಡುಕಬೇಕಾದದ್ದು ನೀರಿನ ಕಡೆ.

ಕೆಲವು ಮಕ್ಕಳಿಗೆ ಫಿಟ್ಸ್ ಬರುವುದುಂಟು. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಹಲ್ಲಿನ ನಡುವೆ ಚಮಚ ತುರುಕುವುದು ಬೇಡ. ಒಂದು ಮಗ್ಗುಲಿಗೆ ಮಲಗಿಸಿ. ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಿ.

ಶಾಲೆಯ ವಿಷಯ. ತೂಕದ ಚೀಟಿ ನೋಡದೆಯೇ ಗಾಡಿಯ ಕಬ್ಬಿಗೆ ಎಷ್ಟು ದುಡ್ಡೆಂದು ಬಾಯಲ್ಲೇ ಲೆಕ್ಕ ಹೇಳುವ ಹುಡುಗನೊಬ್ಬ ಏಳನೆಯ ತರಗತಿಯಲ್ಲೂ ಒತ್ತಕ್ಷರ ಓದಲು ತಡವರಿಸಬಹುದು. ಅವನು ಸೋಮಾರಿಯಲ್ಲ, ಅದು ಕಲಿಕಾ ನ್ಯೂನತೆಯಿರಬಹುದು. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂಗಾಗಲಿ ಕಲಿಕಾ ನ್ಯೂನತೆಗಾಗಲಿ ಸ್ಥಾನವಿರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 21 ಬಗೆಗಳನ್ನು ಗುರುತಿಸಿದೆ, ಅವುಗಳಲ್ಲಿ ಇವೆರಡೂ ಸೇರಿವೆ. ಪ್ರಮಾಣಪತ್ರವಿದ್ದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯವನ್ನೂ ಬರೆಯಲು ಸಹಾಯಕನನ್ನೂ ಪಡೆಯಬಹುದು. ಪರೀಕ್ಷೆಯ ತಿಂಗಳಲ್ಲಿ ಓಡಾಡಿದರೆ ಆಗದು; ಎಂಟನೆಯ ತರಗತಿಯಲ್ಲೇ ಮುಖ್ಯೋಪಾಧ್ಯಾಯರನ್ನು ಕಾಣಿ. ಮಗುವನ್ನು ಸೇರಿಸಿಕೊಳ್ಳುವುದಿಲ್ಲವೆಂದು ಹೇಳಲು ಯಾವ ಸರ್ಕಾರಿ ಶಾಲೆಗೂ ಅಧಿಕಾರವಿಲ್ಲ.

ಮಗು ಹದಿಹರೆಯಕ್ಕೆ ಬಂದಾಗ ತಾಯಿತಂದೆಯರ ನಿದ್ರೆ ಕೆಡುತ್ತದೆ. ಮಾತು ಕಲಿಯಲಿ ಕಲಿಯದಿರಲಿ, ಮೈ ತನ್ನ ಕಾಲಕ್ಕೆ ಬೆಳೆಯುತ್ತದೆ. ಯಾವ ಭಾಗಗಳನ್ನು ಯಾರೂ ಮುಟ್ಟಬಾರದು, ಬಟ್ಟೆ ಬದಲಿಸುವುದು ಎಲ್ಲಿ, ಒಬ್ಬರೇ ಇರುವಾಗ ಮಾತ್ರ ಮಾಡಬಹುದಾದದ್ದು ಯಾವುದು ಎಂಬುದನ್ನು ಹತ್ತು ವರ್ಷಕ್ಕೆ ಮೊದಲೇ ಕಲಿಸಲಾರಂಭಿಸಬೇಕು. ಹೇಳಿಕೊಳ್ಳಲಾರದ ಮಗುವನ್ನೇ ದುಷ್ಟರು ಆರಿಸಿಕೊಳ್ಳುತ್ತಾರೆ. ಅಂತಹ ಸಂಶಯ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ.

ಮುಟ್ಟು ಆರಂಭವಾಗುವ ಮುನ್ನವೇ ಮಗಳಿಗೆ ಬಟ್ಟೆ ಅಥವಾ ಪ್ಯಾಡ್ ಕಟ್ಟಿಕೊಳ್ಳುವುದನ್ನು, ಅಂಗಿ ತೊಡಲು ಕಲಿಸಿದಂತೆಯೇ ತುಂಡುತುಂಡಾಗಿ ಕಲಿಸಬಹುದು. ಬಹಳ ಹುಡುಗಿಯರು ಕಲಿಯುತ್ತಾರೆ. "ಗರ್ಭಕೋಶವನ್ನೇ ತೆಗೆಸಿಬಿಟ್ಟರೆ ಹೇಗೆ ಡಾಕ್ಟರೇ" ಎಂದು ತಾಯಂದಿರು ಕಿವಿಯ ಬಳಿ ಬಂದು ಕೇಳುತ್ತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ; ಆದರೂ ನನ್ನ ಉತ್ತರ ಬೇಡವೆಂದೇ. 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಪಾಲನಾಗೃಹದಲ್ಲಿದ್ದ ಬುದ್ಧಿಮಾಂದ್ಯ ಹೆಣ್ಣುಮಕ್ಕಳಿಗೆ ಪುಣೆಯಲ್ಲಿ ಹೀಗೆ ಶಸ್ತ್ರಚಿಕಿತ್ಸೆ ಮಾಡಿದಾಗ ದೇಶದಲ್ಲೆಲ್ಲ ಪ್ರತಿಭಟನೆಯೆದ್ದಿತು. ಅಂಗವೈಕಲ್ಯವುಳ್ಳ ವ್ಯಕ್ತಿಯ ಸ್ವಂತ ಒಪ್ಪಿಗೆಯಿಲ್ಲದೆ ಸಂತಾನಶಕ್ತಿ ಹೋಗುವಂತಹ ಚಿಕಿತ್ಸೆ ಮಾಡಬಾರದೆಂದು 2016ರ ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಗರ್ಭಕೋಶ ತೆಗೆಸಿದರೆ ಮುಟ್ಟು ನಿಲ್ಲುತ್ತದೆ, ಆದರೆ ಆ ಹುಡುಗಿಯ ಮೇಲೆ ಅತ್ಯಾಚಾರ ನಿಲ್ಲುವುದಿಲ್ಲ. ಹೊರಗೆ ಗೊತ್ತಾಗದಂತಾಗುತ್ತದೆ, ಅಷ್ಟೇ.

"ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂಬುದು ಇನ್ನೊಂದು ಮಾತು. ಆಟಿಸಂ ಇರುವವರಲ್ಲಿ ಓದಿ, ದುಡಿದು, ತಾವೇ ಒಪ್ಪಿ ಮದುವೆಯಾಗಿ ಬಾಳುವವರಿದ್ದಾರೆ. ಆದರೆ ಮದುವೆ ಚಿಕಿತ್ಸೆಯಲ್ಲ. ವಿಷಯ ಮುಚ್ಚಿಟ್ಟು ಬಡವರ ಮನೆಯ ಹುಡುಗಿಯನ್ನು ತಂದರೆ, ಒಬ್ಬರ ಕಷ್ಟಕ್ಕೆ ಇಬ್ಬರನ್ನು ಗುರಿಮಾಡಿದಂತೆ.

ಕೊನೆಯದಾಗಿ ದಂಪತಿಗಳಾದ ನಿಮ್ಮ ವಿಷಯ. ನನ್ನ ಹೊರರೋಗಿ ವಿಭಾಗಕ್ಕೆ ಇಂತಹ ಮಗುವನ್ನು ಎತ್ತಿಕೊಂಡು ಬರುವವಳು ತಾಯಿ ಒಬ್ಬಳೇ; ತಂದೆ ಬಂದರೆ ಹೊರಗೆ ಬೈಕಿನ ಬಳಿ ನಿಂತಿರುತ್ತಾನೆ. ಒಳಗೆ ಹೇಳಿದ್ದನ್ನು ಆಕೆ ಮನೆಗೆ ಹೋಗಿ ಹೇಳಿದರೆ ಅತ್ತೆಮಾವಂದಿರು ನಂಬುವುದಿಲ್ಲ. ಅದೇ ಮಾತನ್ನು ಮಗ ಹೇಳಿದರೆ ಒಪ್ಪುತ್ತಾರೆ. ಆದ್ದರಿಂದ ಗಂಡಸರು ಒಳಗೆ ಬರಬೇಕು. ಸಂಜೆ ಒಂದು ಗಂಟೆಯಾದರೂ ಮಗುವನ್ನು ತಂದೆಯೇ ನೋಡಿಕೊಂಡರೆ ತಾಯಿಗೆ ಉಸಿರಾಡಲು ಹೊತ್ತು ಸಿಗುತ್ತದೆ. ಎಷ್ಟೋ ತಾಯಂದಿರು ಖಿನ್ನತೆಗೆ ಒಳಗಾಗುತ್ತಾರೆ. ಅವರಿಗೆ ಸರ್ಕಾರದ ಟೆಲಿಮಾನಸ್ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. "ಇವನನ್ನು ನೋಡಿಕೊಳ್ಳಲು ಒಬ್ಬನಿರಲಿ" ಎಂದು ಅವಸರದಲ್ಲಿ ಇನ್ನೊಂದು ಮಗು ಪಡೆಯಬೇಡಿ. ಪಡೆಯುವುದಾದರೆ ಅಂತರವಿಟ್ಟು, ವೈದ್ಯರೊಡನೆ ಮಾತನಾಡಿ ಪಡೆಯಿರಿ. ಆಟಿಸಂ ಇರುವ ಮಗುವಿನ ತಮ್ಮತಂಗಿಯರಲ್ಲೂ ಅದು ಬರುವ ಸಂಭವ ಉಳಿದ ಮಕ್ಕಳಿಗಿಂತ ಹೆಚ್ಚಿರುವುದರಿಂದ ಆ ಮಗುವನ್ನು ಆರಂಭದಿಂದಲೇ ಗಮನಿಸಬೇಕು. ಮನೆಯ ಇತರ ಮಕ್ಕಳಿಗೂ ಅವರ ಪಾಲಿನ ಅಕ್ಕರೆ ಸಲ್ಲಬೇಕು. ಅಣ್ಣನ ಹೊಣೆಯನ್ನೆಲ್ಲ ಎಂಟು ವರ್ಷದ ತಂಗಿಯ ತಲೆಗೆ ಕಟ್ಟುವುದು ಅನ್ಯಾಯ.

ಪ್ರಮಾಣಪತ್ರ ಮತ್ತು ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ ಆಧಾರ್, ಫೋಟೋ, ಹಿಂದಿನ ಆಸ್ಪತ್ರೆಗಳ ಚೀಟಿಗಳು ಬೇಕು. ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಿಸಿಕೊಡುತ್ತಾರೆ. ಅದು ಅವರ ಕೆಲಸವೇ ಆಗಿದೆ, ಸಂಕೋಚ ಬೇಡ. ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ. ಮಗನಿಗೋ ಮಗಳಿಗೋ 18 ತುಂಬಿದ ಮೇಲೆ ಬ್ಯಾಂಕು, ಜಮೀನಿನ ವ್ಯವಹಾರಕ್ಕೆ ಕಾನೂನುಬದ್ಧ ಪಾಲಕರು ಬೇಕಾದಲ್ಲಿ, ಆಟಿಸಂ ಮತ್ತು ಬೌದ್ಧಿಕ ನ್ಯೂನತೆ ಇರುವವರಿಗಾಗಿ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬೇಕು.

ಈಗ ಹೊರಗಿನ ಮೇಜಿನ ಬಳಿ ನಮ್ಮ ಆರೋಗ್ಯ ಕಾರ್ಯಕರ್ತೆ ಕುಳಿತಿದ್ದಾರೆ. ಐದು ವರ್ಷದೊಳಗಿನ ಮಕ್ಕಳ ತಾಯಿ ಕಾರ್ಡ್ ತಂದಿರುವವರು ಬೆಳವಣಿಗೆಯ ಪುಟವನ್ನು ಅವರ ಮುಂದೆ ತೆರೆದು ಗುರುತು ಹಾಕಿಸಿಕೊಂಡು ಹೋಗಬಹುದು. ಸಂಶಯವಿರುವವರು ಗಂಡಹೆಂಡತಿ ಇಬ್ಬರೂ ಕೂಡಿ ನನ್ನಲ್ಲಿಗೆ ಬನ್ನಿ.